ಕೈಯಾರೆ ನೆಟ್‌ವರ್ಕ್ ಹೊಂದಿಕೆ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ

ಡೆಸ್ಕ್‌ಟಾಪ್ ಕಂಪ್ಯೂಟರ್ ಜಾಲಕ್ಕೆ ಸೇರಲು ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್ಎಸ್ ಎಂಬ ನಾಲ್ಕು ಸಂಖ್ಯೆಗಳು ಬೇಕು. ಇವನ್ನು ರೂಟರ್ ತಾನಾಗಿ ಹಂಚಲು ಬಿಡದೆ, ಕಂಪ್ಯೂಟರ್ ಮುಂದೆ ಕುಳಿತವರೇ ತುಂಬುವುದು ಕೈಯಾರೆ ನೆಟ್‌ವರ್ಕ್ ಹೊಂದಿಕೆ. ಕಚೇರಿ, ಅಂಗಡಿಗಳಲ್ಲಿ ಇದನ್ನು ‘ಐಪಿ ಹಾಕುವುದು’, ‘ಸ್ಟ್ಯಾಟಿಕ್ ಐಪಿ ಕೊಡುವುದು’ ಎನ್ನುತ್ತಾರೆ. ಮನೆಯ ಕಂಪ್ಯೂಟರಿಗೆ ಇದು ಬೇಕಾಗುವುದು ಅಪರೂಪ. ಹಲವು ಕಂಪ್ಯೂಟರುಗಳು ಒಂದೇ ಪ್ರಿಂಟರ್, ಒಂದೇ ಲೆಕ್ಕದ ತಂತ್ರಾಂಶವನ್ನು ಹಂಚಿಕೊಳ್ಳುವ ಸರ್ಕಾರಿ ಕಚೇರಿ, ಪತ್ತಿನ ಸಹಕಾರಿ ಸಂಘ, ಸಕ್ಕರೆ ಕಾರ್ಖಾನೆ, ಶಾಲಾ ಪ್ರಯೋಗಾಲಯಗಳಲ್ಲಿ ಇದು ದಿನನಿತ್ಯದ ಕೆಲಸ. ಬೆಳಗಾವಿ ಜಿಲ್ಲೆಯ ಗಡಿ ಸೀಮೆಯ ಐದು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಈ ವಿದ್ಯೆಯ ತತ್ವ, ಇತಿಹಾಸ, ಕ್ರಮ, ದೋಷಪತ್ತೆಗಳನ್ನು ಇಲ್ಲಿ ವಿವರಿಸಲಾಗಿದೆ.

ಪ್ರದೇಶ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಸೀಮೆ ಕಬ್ಬು ಮತ್ತು ತಂಬಾಕಿನ ನಾಡು. ಚಿಕ್ಕೋಡಿ ಉಪವಿಭಾಗದ ಕೇಂದ್ರ, ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯ ಕೇಂದ್ರವೂ ಹೌದು. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ ನಿಪ್ಪಾಣಿ ತಂಬಾಕಿನ ಪೇಟೆಯಾಗಿ ಬೆಳೆದ ಊರು. ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿ ಸ್ವಾತಂತ್ರ್ಯಪೂರ್ವದಿಂದ ಸಕ್ಕರೆ ಕಾರ್ಖಾನೆ ಇದೆ. ಚಿಕ್ಕೋಡಿ ತಾಲ್ಲೂಕಿನಿಂದ ನಿಪ್ಪಾಣಿಯೂ ಅಥಣಿ ತಾಲ್ಲೂಕಿನಿಂದ ಕಾಗವಾಡವೂ ಬೇರ್ಪಟ್ಟು 2018ರಲ್ಲಿ ಹೊಸ ತಾಲ್ಲೂಕುಗಳಾದವು. ತಹಸೀಲ್ದಾರ್ ಕಚೇರಿ, ಉಪಖಜಾನೆ, ನಾಡಕಚೇರಿ, ಗ್ರಾಮ ಪಂಚಾಯಿತಿ, ಸೊಸಾಯಿಟಿಗಳ ಕೆಲಸವೆಲ್ಲ ಇಂದು ಜಾಲದ ಮೇಲೆ ನಿಂತಿದೆ.

ದೂರವೂ ಇಲ್ಲಿ ಗಮನಿಸಬೇಕಾದ ಸಂಗತಿ. ಅಥಣಿಯಿಂದ ಜಿಲ್ಲಾ ಕೇಂದ್ರಕ್ಕೆ ನೂರು ಕಿಲೋಮೀಟರಿಗಿಂತ ಹೆಚ್ಚು. ನಿಪ್ಪಾಣಿಗೆ ಬೆಳಗಾವಿಗಿಂತ ಕೊಲ್ಹಾಪುರ ಹತ್ತಿರ, ಕಾಗವಾಡಕ್ಕೆ ಮಿರಜ ಹತ್ತಿರ. ಕಂಪ್ಯೂಟರ್ ಕೆಟ್ಟಾಗ ರಿಪೇರಿಯವರು ಬೇರೆ ಊರಿನಿಂದ ಬರಬೇಕಾದರೆ ಅರ್ಧ ದಿನದ ಕೆಲಸ ನಿಲ್ಲುತ್ತದೆ, ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ. ಎಷ್ಟೋ ಸಲ ತೊಂದರೆ ಇರುವುದು ಒಂದು ಅಂಕಿಯಲ್ಲಿ. ಅದನ್ನು ಸರಿಪಡಿಸುವ ತಿಳಿವಳಿಕೆ ಕೀಲಿಮಣೆಯ ಮುಂದೆ ಕುಳಿತವರಿಗೇ ಇದ್ದರೆ ಆ ಅರ್ಧ ದಿನ ಉಳಿಯುತ್ತದೆ.

ನಾಲ್ಕು ಸಂಖ್ಯೆಗಳು

ಐಪಿ ವಿಳಾಸ ಜಾಲದೊಳಗೆ ಆ ಕಂಪ್ಯೂಟರಿನ ಗುರುತು. 1981ರಲ್ಲಿ ನಿಗದಿಯಾದ ಐಪಿವಿ4 ಪದ್ಧತಿಯಲ್ಲಿ ಇದು 32 ಬಿಟ್‌ಗಳ ಸಂಖ್ಯೆ. ಓದಲು ಅನುಕೂಲವಾಗಲೆಂದು ನಾಲ್ಕು ಭಾಗ ಮಾಡಿ, ನಡುವೆ ಚುಕ್ಕೆ ಇಟ್ಟು ಬರೆಯುತ್ತಾರೆ: 192.168.1.25. ಪ್ರತಿ ಭಾಗವೂ 0ರಿಂದ 255ರೊಳಗೆ ಇರಬೇಕು. ಕಚೇರಿಯ ಒಳಜಾಲಗಳಿಗಾಗಿಯೇ ಮೂರು ಗುಂಪುಗಳನ್ನು 1996ರ ನಿಯಮ ಕಾದಿರಿಸಿದೆ: 10ರಿಂದ ಆರಂಭವಾಗುವ ಎಲ್ಲ ವಿಳಾಸಗಳು, 172.16ರಿಂದ 172.31ರವರೆಗಿನವು, 192.168ರಿಂದ ಆರಂಭವಾಗುವವು. ಈ ಖಾಸಗಿ ವಿಳಾಸಗಳನ್ನು ಯಾರ ಅನುಮತಿಯೂ ಇಲ್ಲದೆ ಬಳಸಬಹುದು. ಹೊರಗಿನ ಇಂಟರ್‌ನೆಟ್‌ನಲ್ಲಿ ಇವು ನಡೆಯುವುದಿಲ್ಲ. ಅಥಣಿಯ ಒಂದು ಅಂಗಡಿಯಲ್ಲೂ ರಾಯಬಾಗದ ಒಂದು ಶಾಲೆಯಲ್ಲೂ 192.168.1.25 ಎಂಬ ಕಂಪ್ಯೂಟರ್ ಇದ್ದರೆ ಘರ್ಷಣೆ ಆಗದಿರುವುದಕ್ಕೆ ಇದೇ ಕಾರಣ.

ಸಬ್‌ನೆಟ್ ಮಾಸ್ಕ್, ಆ ವಿಳಾಸದಲ್ಲಿ ಜಾಲದ ಭಾಗ ಎಷ್ಟು, ಯಂತ್ರದ ಭಾಗ ಎಷ್ಟು ಎಂದು ಗೆರೆ ಎಳೆಯುತ್ತದೆ. ಇದಕ್ಕೆ ಪಿನ್‌ಕೋಡ್ ಒಳ್ಳೆಯ ಹೋಲಿಕೆ. ಚಿಕ್ಕೋಡಿ 591201, ನಿಪ್ಪಾಣಿ 591237, ಅಥಣಿ 591304, ರಾಯಬಾಗ 591317. ಮೊದಲ ಮೂರು ಅಂಕಿ ಎಲ್ಲಕ್ಕೂ ಒಂದೇ, ಅದು ಅಂಚೆ ವಿಂಗಡಣೆಯ ವಲಯ. ಉಳಿದ ಮೂರು ಆಯಾ ಅಂಚೆ ಕಚೇರಿ. ಮಾಸ್ಕ್ 255.255.255.0 ಎಂದಿದ್ದರೆ ಐಪಿ ವಿಳಾಸದ ಮೊದಲ ಮೂರು ಭಾಗ ಜಾಲದ್ದು, ಕೊನೆಯ ಭಾಗ ಯಂತ್ರದ್ದು. ಇಂಥ ಜಾಲದಲ್ಲಿ ಮೊದಲ ಮೂರು ಭಾಗ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆಗಿರಬೇಕು, ಕೊನೆಯದು ಒಂದೊಂದಕ್ಕೂ ಬೇರೆ ಆಗಿರಬೇಕು. 0 ಜಾಲದ ಹೆಸರಿಗೆ, 255 ಎಲ್ಲರನ್ನೂ ಒಮ್ಮೆಗೇ ಕರೆಯುವುದಕ್ಕೆ ಮೀಸಲು. ಹೀಗಾಗಿ ಯಂತ್ರಗಳಿಗೆ 254 ವಿಳಾಸಗಳು ಸಿಗುತ್ತವೆ. ಇದೇ ಮಾಸ್ಕನ್ನು ಜಾಲದ ಭಾಗದ ಬಿಟ್‌ಗಳನ್ನು ಎಣಿಸಿ 24 ಎಂದೂ ಬರೆಯುವುದುಂಟು.

ಗೇಟ್‌ವೇ, ಕಚೇರಿಯ ಜಾಲದಿಂದ ಹೊರಗೆ ಹೋಗುವ ಬಾಗಿಲಿನ ವಿಳಾಸ. ಸಾಮಾನ್ಯವಾಗಿ ಅದು ರೂಟರ್ ಅಥವಾ ಮೋಡೆಮ್‌ನ ವಿಳಾಸವೇ: ಬಹಳ ಕಡೆ 192.168.1.1 ಅಥವಾ 192.168.0.1. ಇದು ಕಂಪ್ಯೂಟರಿನ ಜಾಲದೊಳಗೇ ಇರಬೇಕು.

ಡಿಎನ್ಎಸ್, ಜಾಲತಾಣದ ಹೆಸರನ್ನು ಸಂಖ್ಯೆಯಾಗಿ ಹುಡುಕಿಕೊಡುವ ವ್ಯವಸ್ಥೆ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಇದನ್ನು ರೂಪಿಸಿದರು. ಇದರ ಜಾಗದಲ್ಲಿ ಸೇವಾದಾರ ಸಂಸ್ಥೆ ಕೊಟ್ಟ ಸಂಖ್ಯೆ, ರೂಟರಿನದೇ ಸಂಖ್ಯೆ ಅಥವಾ ಸಾರ್ವಜನಿಕ ಡಿಎನ್ಎಸ್ ಸಂಖ್ಯೆ ತುಂಬಬಹುದು. 2009ರ ಡಿಸೆಂಬರಿನಲ್ಲಿ ಬಂದ ಗೂಗಲ್‌ನ 8.8.8.8, 2018ರ ಏಪ್ರಿಲ್ 1ರಂದು ಬಂದ ಕ್ಲೌಡ್‌ಫ್ಲೇರ್‌ನ 1.1.1.1 ಸಾರ್ವಜನಿಕ ಡಿಎನ್ಎಸ್‌ಗೆ ಉದಾಹರಣೆ. ಆದರೆ ಸರ್ಕಾರದ ಒಳಜಾಲದಲ್ಲಿರುವ ಕಂಪ್ಯೂಟರಿಗೆ ಆ ಜಾಲದ ಡಿಎನ್ಎಸ್ಸನ್ನೇ ಹಾಕಬೇಕು. ಒಳಗಿನ ತಾಣಗಳ ಹೆಸರು ಹೊರಗಿನ ಡಿಎನ್ಎಸ್‌ಗೆ ಗೊತ್ತಿರುವುದಿಲ್ಲ.

ಈ ನಾಲ್ಕನ್ನೂ ಕೇಳಿದ ಯಂತ್ರಕ್ಕೆಲ್ಲ ತಾನಾಗಿ ಹಂಚುವ ಏರ್ಪಾಡಿಗೆ ಡಿಎಚ್‌ಸಿಪಿ ಎಂದು ಹೆಸರು. 1993ರಲ್ಲಿ ಇದರ ಮೊದಲ ನಿಯಮಾವಳಿ ಬಂತು. ಇಂದಿಗೂ ಆಧಾರವಾಗಿರುವುದು 1997ರ ಪರಿಷ್ಕೃತ ರೂಪ. ಡಿಎಚ್‌ಸಿಪಿ ಕೊಡುವ ವಿಳಾಸ ಒಂದು ಅವಧಿಗೆ ಮಾತ್ರ, ಆಮೇಲೆ ಬದಲಾಗಬಹುದು. ಬದಲಾಗಬಾರದ ವಿಳಾಸ ಬೇಕಾದಲ್ಲಿ ಕೈಯಾರೆ ಹೊಂದಿಕೆ ಬೇಕು.

ಈ ಸೀಮೆಗೆ ಜಾಲ ಬಂದ ಬಗೆ

ಭಾರತದಲ್ಲಿ ಸಾರ್ವಜನಿಕ ಇಂಟರ್‌ನೆಟ್ ಸೇವೆಯನ್ನು ವಿಎಸ್ಎನ್ಎಲ್ 1995ರ ಆಗಸ್ಟ್ 15ರಂದು ಆರಂಭಿಸಿತು. ಸಣ್ಣ ಊರುಗಳಿಗೆ ಅದು ದೂರವಾಣಿ ತಂತಿಯ ಮೂಲಕ, ಡಯಲ್-ಅಪ್ ಮೋಡೆಮ್‌ನಲ್ಲಿ ಬಂತು. ವೇಗ ಹೆಚ್ಚೆಂದರೆ ಸೆಕೆಂಡಿಗೆ 56 ಕಿಲೋಬಿಟ್. ಸೈಬರ್ ಕೆಫೆಗಳ ಕಾಲದಲ್ಲಿ ಒಂದೇ ಸಂಪರ್ಕವನ್ನು ಹಲವು ಕಂಪ್ಯೂಟರುಗಳಿಗೆ ಹಂಚುವುದು ಮುಖ್ಯ ಕೆಲಸವಾಯಿತು. ವಿಂಡೋಸ್ 98ರ ಎರಡನೆಯ ಆವೃತ್ತಿಯಲ್ಲಿ ಬಂದ ಸಂಪರ್ಕ ಹಂಚಿಕೆಯ ಸೌಲಭ್ಯ ಮುಖ್ಯ ಕಂಪ್ಯೂಟರಿಗೆ 192.168.0.1 ಎಂಬ ವಿಳಾಸ ಕೊಡುತ್ತಿತ್ತು. ಉಳಿದವಕ್ಕೆ 192.168.0.2, 192.168.0.3 ಎಂದು ಕೈಯಿಂದಲೇ ತುಂಬಿ, ಗೇಟ್‌ವೇ ಜಾಗದಲ್ಲಿ ಮುಖ್ಯ ಕಂಪ್ಯೂಟರಿನ ವಿಳಾಸ ಬರೆದರೆ ಇಡೀ ಕೆಫೆಗೆ ನೆಟ್ ಬರುತ್ತಿತ್ತು. ಸಣ್ಣ ಊರುಗಳ ಅನೇಕ ತಂತ್ರಜ್ಞರು ಐಪಿ ಹಾಕಲು ಕಲಿತದ್ದು ಇಂಥ ಕೆಫೆಗಳಲ್ಲೇ.

ಆಡಳಿತದಲ್ಲಿ ದೊಡ್ಡ ಬದಲಾವಣೆ ತಂದದ್ದು ಭೂಮಿ ಯೋಜನೆ. 2001ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದವು. ಈ ಭಾಗದವರು ‘ಉತಾರ’ ಎನ್ನುವ ಪಹಣಿಯನ್ನು ಕೈಯಲ್ಲಿ ಬರೆದುಕೊಡುವುದು ನಿಂತು, ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಿಂದ ಮುದ್ರಿಸಿ ಕೊಡುವುದು ಆರಂಭವಾಯಿತು. ಚಿಕ್ಕೋಡಿ, ರಾಯಬಾಗ, ಅಥಣಿಗಳು ಆಗ ತಾಲ್ಲೂಕು ಕೇಂದ್ರಗಳಾಗಿದ್ದವು; ನಿಪ್ಪಾಣಿ, ಕಾಗವಾಡದ ರೈತರು ಅಲ್ಲಿಗೇ ಹೋಗಬೇಕಿತ್ತು. ಮುಂದೆ ನೋಂದಣಿ ಇಲಾಖೆಯ ಕಾವೇರಿ, ನಾಡಕಚೇರಿಗಳ ಅಟಲ್‌ಜೀ ಜನಸ್ನೇಹಿ ಕೇಂದ್ರ, ಪಂಚಾಯಿತಿಗಳ ಇ-ಸ್ವತ್ತು ಬಂದವು. ಜಿಲ್ಲೆ, ತಾಲ್ಲೂಕು ಕಚೇರಿಗಳನ್ನು ರಾಜಧಾನಿಗೆ ಜೋಡಿಸಲು ಕರ್ನಾಟಕ ರಾಜ್ಯ ವಿಶಾಲ ಪ್ರದೇಶ ಜಾಲ, ಅಂದರೆ ಕೆ-ಸ್ವಾನ್, ನಿರ್ಮಾಣವಾಯಿತು.

ಮನೆ, ಅಂಗಡಿಗಳ ಮಟ್ಟಿಗೆ 2005ರ ಜನವರಿಯಲ್ಲಿ ಬಿಎಸ್ಎನ್ಎಲ್ ಆರಂಭಿಸಿದ ಡೇಟಾಒನ್ ಬ್ರಾಡ್‌ಬ್ಯಾಂಡ್ ಹೊಸ ಘಟ್ಟ. ದೂರವಾಣಿ ತಂತಿಯಲ್ಲೇ ಎಡಿಎಸ್ಎಲ್ ಮೋಡೆಮ್ ಕೆಲಸ ಮಾಡುತ್ತಿತ್ತು. ಮೋಡೆಮ್ ಬ್ರಿಡ್ಜ್ ವಿಧಾನದಲ್ಲಿದ್ದರೆ ಕಂಪ್ಯೂಟರಿನಿಂದಲೇ ಹೆಸರು, ಪಾಸ್‌ವರ್ಡ್ ಕೊಟ್ಟು ಡಯಲ್ ಮಾಡಬೇಕಿತ್ತು. ಪಿಪಿಪಿಒಇ ವಿಧಾನದಲ್ಲಿದ್ದರೆ ಆ ಕೆಲಸ ಮೋಡೆಮ್‌ನದು. ಮೋಡೆಮ್ ರೀಸೆಟ್ ಆದರೆ ವಿಪಿಐ 0, ವಿಸಿಐ 35 ಎಂದು ಮತ್ತೆ ತುಂಬಬೇಕಿತ್ತು. ಈ ಎರಡು ಸಂಖ್ಯೆಗಳನ್ನು ಮೋಡೆಮ್‌ನ ಬೆನ್ನಿಗೆ ಚೀಟಿ ಅಂಟಿಸಿ ಬರೆದಿಟ್ಟ ಅಂಗಡಿಯವರು ಯಾರನ್ನೂ ಕಾಯಬೇಕಿರಲಿಲ್ಲ.

2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆದು ಗ್ರಾಮ ಪಂಚಾಯಿತಿಗಳತ್ತ ಫೈಬರ್ ಒಯ್ದಿತು. 2022ರಲ್ಲಿ ಗ್ರಾಮ ಒನ್ ಕೇಂದ್ರಗಳು ಊರುಗಳಲ್ಲಿ ತೆರೆದವು. ಕೇಬಲ್ ಟಿವಿಯವರು, ಖಾಸಗಿ ಕಂಪನಿಗಳು ಕೂಡ ಈಗ ಮನೆಗೆ ಫೈಬರ್ ಎಳೆಯುತ್ತಾರೆ.

ಯಾವಾಗ ಕೈಯಾರೆ, ಯಾವಾಗ ಬೇಡ

ಬೇರೆಯವರು ಹುಡುಕಿಕೊಂಡು ಬರಬೇಕಾದ ಯಂತ್ರಕ್ಕೆ ವಿಳಾಸ ಕದಲಬಾರದು. ಪ್ರಿಂಟರ್, ಲೆಕ್ಕದ ತಂತ್ರಾಂಶ ಇರುವ ಮುಖ್ಯ ಕಂಪ್ಯೂಟರ್, ಬೆರಳಚ್ಚಿನ ಹಾಜರಿ ಯಂತ್ರ, ಸಿಸಿಟಿವಿಯ ಡಿವಿಆರ್ ಇಂಥವು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುವಾಗ ಕಾಟಾದ ಕಂಪ್ಯೂಟರ್ ಕಳಿಸುವ ತೂಕದ ಲೆಕ್ಕ ಕಚೇರಿಯ ಕಂಪ್ಯೂಟರಿಗೆ ಮುಟ್ಟಬೇಕಾದರೆ ಎರಡರ ವಿಳಾಸವೂ ಗಟ್ಟಿಯಾಗಿರಬೇಕು. ಸೈಬರ್ ಕೆಫೆಗೆ ಕಾನೂನಿನ ಕಾರಣವೂ ಉಂಟು. 2011ರ ಸೈಬರ್ ಕೆಫೆ ನಿಯಮಗಳ ಪ್ರಕಾರ ಬಳಕೆದಾರರ ಗುರುತು ಮತ್ತು ಬಳಕೆಯ ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕು. ಪ್ರತಿ ಕಂಪ್ಯೂಟರಿಗೂ ಸ್ಥಿರ ವಿಳಾಸ ಇದ್ದರೆ ಯಾವ ದಾಖಲೆ ಯಾವ ಯಂತ್ರದ್ದು ಎಂದು ಹೇಳುವುದು ಸುಲಭ.

ಬಂದುಹೋಗುವವರ ಮೊಬೈಲ್, ಲ್ಯಾಪ್‌ಟಾಪ್‌ಗಳಿಗೆ ಇದು ಬೇಡ. ಒಂದು ಜಾಲದ ಸಂಖ್ಯೆ ಹಾಕಿಕೊಂಡ ಲ್ಯಾಪ್‌ಟಾಪ್ ಇನ್ನೊಂದು ಊರಿನ ಜಾಲದಲ್ಲಿ ಕೆಲಸ ಮಾಡುವುದಿಲ್ಲ. ಕೈಯಾರೆ ತುಂಬುವುದು, ರೂಟರ್ ತಾನಾಗಿ ಹಂಚುವುದು ಇವೆರಡರ ನಡುವಿನ ದಾರಿಯೊಂದಿದೆ: ರೂಟರಿನಲ್ಲೇ ಯಂತ್ರದ ಲ್ಯಾನ್ ಕಾರ್ಡಿನ ಸ್ವಂತ ಗುರುತಾದ ಮ್ಯಾಕ್ ವಿಳಾಸ ಬರೆದು, ಈ ಯಂತ್ರಕ್ಕೆ ಸದಾ ಇದೇ ಐಪಿ ಕೊಡು ಎಂದು ಕಾದಿರಿಸುವುದು. ರೂಟರ್ ಚೆನ್ನಾಗಿದ್ದು, ಅದರ ಪಾಸ್‌ವರ್ಡ್ ಕಚೇರಿಯವರ ಕೈಯಲ್ಲಿದ್ದರೆ ಇದೇ ಉತ್ತಮ ಕ್ರಮ. ರೂಟರ್ ಬದಲಾದ ದಿನ ಮಾತ್ರ ಈ ಪಟ್ಟಿಯನ್ನೆಲ್ಲ ಮತ್ತೆ ತುಂಬಬೇಕಾಗುತ್ತದೆ.

ಹೊಂದಿಸುವ ಕ್ರಮ

ಒಂದು ಪತ್ತಿನ ಸಹಕಾರಿ ಸಂಘದ ಶಾಖೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆರು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಡಿವಿಆರ್, ಒಂದು ಹಾಜರಿ ಯಂತ್ರ. ರೂಟರ್ 192.168.1.1. ಮೊದಲು ವಿಳಾಸಗಳನ್ನು ಕಾಗದದ ಮೇಲೆ ಹಂಚಬೇಕು. ರೂಟರ್ ತಾನಾಗಿ ಹಂಚುವ ವಿಳಾಸಗಳನ್ನು 100ರಿಂದ 199ರವರೆಗೆ ಎಂದು ಗೆರೆ ಹಾಕಿ, ಅವನ್ನು ಮೊಬೈಲ್‌ಗಳಿಗೆ ಬಿಡುವುದು. ಕಂಪ್ಯೂಟರುಗಳಿಗೆ 11ರಿಂದ 16, ಪ್ರಿಂಟರಿಗೆ 50, ಡಿವಿಆರ್‌ಗೆ 60, ಹಾಜರಿ ಯಂತ್ರಕ್ಕೆ 70. ಕೈಯಾರೆ ಕೊಡುವ ವಿಳಾಸ ರೂಟರಿನ ಹಂಚಿಕೆಯ ವ್ಯಾಪ್ತಿಯೊಳಗೆ ಬರಬಾರದು. ಬಂದರೆ ಅದೇ ವಿಳಾಸವನ್ನು ರೂಟರ್ ಇನ್ನೊಂದು ಮೊಬೈಲಿಗೆ ಕೊಟ್ಟು ಎರಡೂ ಕೆಡುತ್ತವೆ.

ಬದಲಾಯಿಸುವ ಮುಂಚೆ ಈಗ ಏನಿದೆ ಎಂದು ಬರೆದುಕೊಳ್ಳಬೇಕು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಆಜ್ಞೆಗೆ ‘ಆಲ್’ ಆಯ್ಕೆ ಸೇರಿಸಿ ಕೊಟ್ಟರೆ ನಾಲ್ಕೂ ಸಂಖ್ಯೆ ತೋರಿಸುತ್ತದೆ. ಪರದೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಟ್ಟರೆ ಹಳೆಯ ಸ್ಥಿತಿಗೆ ಮರಳಲು ಅದೇ ಸಾಕು.

ವಿಂಡೋಸ್ 10 ಮತ್ತು 11ರಲ್ಲಿ ಸೆಟ್ಟಿಂಗ್ಸ್, ಅದರೊಳಗೆ ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಅದರೊಳಗೆ ಎತರ್‌ನೆಟ್ ತೆರೆಯಬೇಕು. ಐಪಿ ಅಸೈನ್‌ಮೆಂಟ್ ಎಂಬಲ್ಲಿ ಎಡಿಟ್ ಒತ್ತಿ, ಮ್ಯಾನ್ಯುಯಲ್ ಆರಿಸಿ, ಐಪಿವಿ4 ಸ್ವಿಚ್ ಆನ್ ಮಾಡಿದರೆ ಖಾನೆಗಳು ಬರುತ್ತವೆ. ಇಲ್ಲಿ ಬಹಳ ಜನ ಎಡವುವುದು ಒಂದು ಕಡೆ. ವಿಂಡೋಸ್ 10ರ ಕೆಲವು ಆವೃತ್ತಿಗಳು ಸಬ್‌ನೆಟ್ ಮಾಸ್ಕ್ ಕೇಳದೆ ‘ಸಬ್‌ನೆಟ್ ಪ್ರಿಫಿಕ್ಸ್ ಲೆಂಗ್ತ್’ ಕೇಳುತ್ತವೆ. ಅಲ್ಲಿ 255.255.255.0 ಬರೆದರೆ ಉಳಿಸಲು ಒಪ್ಪುವುದಿಲ್ಲ, 24 ಎಂದು ಬರೆಯಬೇಕು. ಏನು ತಪ್ಪಾಗಿದೆ ಎಂದು ಪರದೆ ಬಿಡಿಸಿ ಹೇಳುವುದಿಲ್ಲವಾದ್ದರಿಂದ ಗೊತ್ತಿಲ್ಲದವರು ಇಲ್ಲಿ ಗಂಟೆಗಟ್ಟಲೆ ಕಳೆಯುತ್ತಾರೆ.

ಹಳೆಯ ವಿಂಡೋಸ್ 7 ಇದ್ದಲ್ಲಿ ಕಂಟ್ರೋಲ್ ಪ್ಯಾನೆಲ್‌ನಿಂದ ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್, ಚೇಂಜ್ ಅಡಾಪ್ಟರ್ ಸೆಟ್ಟಿಂಗ್ಸ್, ಲೋಕಲ್ ಏರಿಯಾ ಕನೆಕ್ಷನ್‌ನ ಪ್ರಾಪರ್ಟೀಸ್, ಇಂಟರ್‌ನೆಟ್ ಪ್ರೋಟೊಕಾಲ್ ವರ್ಷನ್ 4 ಎಂಬ ದಾರಿ ಹಿಡಿಯಬೇಕು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ಉಬುಂಟು ಮುಂತಾದ ಲಿನಕ್ಸ್‌ಗಳಲ್ಲಿ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ ಹಲ್ಲುಚಕ್ರದ ಗುರುತು ಒತ್ತಿ, ಐಪಿವಿ4 ಹಾಳೆಯಲ್ಲಿ ಮ್ಯಾನ್ಯುಯಲ್ ಆರಿಸಿ ಇವೇ ಸಂಖ್ಯೆಗಳನ್ನು ತುಂಬಿ, ಸಂಪರ್ಕವನ್ನು ಒಮ್ಮೆ ಆರಿಸಿ ಮತ್ತೆ ಹಚ್ಚಬೇಕು.

ಮೂರು ಎಚ್ಚರಿಕೆಗಳು ಎಲ್ಲ ಕಡೆಗೂ ಸಲ್ಲುತ್ತವೆ. ಸಂಖ್ಯೆಗಳನ್ನು 0–9 ಅಂಕಿಗಳಲ್ಲೇ ಬರೆಯಬೇಕು. ಕನ್ನಡ ಅಂಕಿಗಳನ್ನು ಈ ಖಾನೆಗಳು ಒಪ್ಪುವುದಿಲ್ಲ. ಆಜ್ಞೆ ಬರೆಯುವಾಗ ಅಂದ ಕಾಣಲೆಂದು ಮುಂದೆ ಸೊನ್ನೆ ಸೇರಿಸಬಾರದು. ಕೆಲವು ಆಜ್ಞೆಗಳು 010 ಎಂಬುದನ್ನು ಎಂಟರ ಎಣಿಕೆಯೆಂದು ತಿಳಿದು 8 ಎಂದು ಓದುತ್ತವೆ. ಮುಖ್ಯ ಡಿಎನ್ಎಸ್ ಜತೆಗೆ ಎರಡನೆಯದನ್ನೂ ತುಂಬಿದರೆ ಒಂದು ನಿಂತಾಗ ಇನ್ನೊಂದು ಕೆಲಸಕ್ಕೆ ಬರುತ್ತದೆ.

ತಂತಿ, ಮಿಂಚು, ಹೊಳೆ

ಸಂಖ್ಯೆ ಸರಿ ಇದ್ದೂ ತಂತಿ ಸರಿ ಇಲ್ಲದಿದ್ದರೆ ಜಾಲ ಬರದು. ಕಂಪ್ಯೂಟರ್ ಹಿಂಬದಿಯ ಲ್ಯಾನ್ ಪೋರ್ಟಿನಲ್ಲಿ ದೀಪ ಬೆಳಗುತ್ತಿದೆಯೇ ಎಂಬುದು ಮೊದಲ ಪರೀಕ್ಷೆ. ಕ್ಯಾಟ್-5ಇ ತಂತಿಯಲ್ಲಿ ಎಂಟು ಎಳೆಗಳಿವೆ. ನಮ್ಮಲ್ಲಿ ಹೆಚ್ಚಾಗಿ ಬಳಸುವ ಜೋಡಣೆಯಲ್ಲಿ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಎರಡೂ ತುದಿಗಳನ್ನು ಕ್ರಿಂಪ್ ಮಾಡುತ್ತಾರೆ. ಒಂದು ತಂತಿಯ ಉದ್ದ 100 ಮೀಟರ್ ಮೀರಬಾರದು.

ಬೇಸಗೆಯ ಕೊನೆಯ ಗುಡುಗು ಮಳೆಗಳಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಬಯಲಲ್ಲಿ ಎಳೆದ ತಾಮ್ರದ ತಂತಿ ಮಿಂಚಿನ ಆಘಾತವನ್ನು ನೇರ ಕಂಪ್ಯೂಟರಿಗೆ ತರುತ್ತದೆ. ಅಂಥ ಕಡೆ ಫೈಬರ್ ಎಳೆಯುವುದೇ ಸರಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಲ್ಯಾನ್ ಕಾರ್ಡ್ ಸುಟ್ಟು ಹೊಸದು ಹಾಕಿದಾಗ ಇನ್ನೊಂದು ತೊಡಕು ಬರುತ್ತದೆ. ಹಳೆಯ ಕಾರ್ಡಿಗೆ ಬರೆದ ವಿಳಾಸ ವಿಂಡೋಸ್‌ನ ನೆನಪಿನಲ್ಲಿ ಉಳಿದಿರುತ್ತದೆ. ಅದೇ ಸಂಖ್ಯೆಯನ್ನು ಹೊಸ ಕಾರ್ಡಿಗೆ ಕೊಡಹೋದರೆ, ಈ ವಿಳಾಸ ಈಗಾಗಲೇ ಇನ್ನೊಂದು ಅಡಾಪ್ಟರಿಗೆ ಸೇರಿದೆ, ಅದು ಈಗ ಯಂತ್ರದಲ್ಲಿಲ್ಲ ಎಂಬ ಸಂದೇಶ ಬರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಗಿದ ಸಾಧನಗಳನ್ನು ತೋರಿಸುವ ಆಯ್ಕೆ ಒತ್ತಿ, ಹಳೆಯ ಕಾರ್ಡನ್ನು ಅಳಿಸಿದರೆ ಸರಿಹೋಗುತ್ತದೆ. ಹೊಸ ಕಾರ್ಡಿನ ಮ್ಯಾಕ್ ವಿಳಾಸ ಬೇರೆಯಾಗಿರುವುದರಿಂದ ರೂಟರಿನಲ್ಲಿ ಕಾದಿರಿಸಿದ್ದನ್ನೂ ತಿದ್ದಬೇಕು.

2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಕೃಷ್ಣಾ ಮತ್ತು ಅದರ ಉಪನದಿಗಳು ಉಕ್ಕಿ ಈ ತಾಲ್ಲೂಕುಗಳ ನದಿದಡದ ಊರುಗಳು ಮುಳುಗಿದವು. ನೆರೆಯ ನಂತರ ಪರಿಹಾರದ ಅರ್ಜಿ, ಪಹಣಿ, ಬ್ಯಾಂಕ್ ಖಾತೆಯ ಕೆಲಸವೆಲ್ಲ ಕಂಪ್ಯೂಟರಿನ ಮೂಲಕವೇ ಆಗಬೇಕು. ಅಂಥ ಹೊತ್ತಿನಲ್ಲಿ ಯಂತ್ರವನ್ನು ಬೇರೆ ಕಟ್ಟಡಕ್ಕೆ ಸಾಗಿಸಿದರೆ ಅಥವಾ ಹೊಸದು ತಂದರೆ, ಹಳೆಯ ಸಂಖ್ಯೆಗಳು ಬರೆದಿಟ್ಟ ಹಾಳೆಯೇ ಆಧಾರ.

ದೋಷಪತ್ತೆ

ನೆಟ್ ಬರದಿದ್ದಾಗ ಕೌಂಟರಿನ ಈ ಕಡೆಯಿಂದ ಜನ ಕೇಳುವ ಮಾತು ‘ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ’. ಕೆಲವೊಮ್ಮೆ ಅದು ನಿಜ. ಹಲವು ಸಲ ತೊಂದರೆ ಅದೇ ಕೋಣೆಯಲ್ಲಿರುತ್ತದೆ. ಎಲ್ಲಿದೆ ಎಂದು ತಿಳಿಯಲು, ಒಂದು ವಿಳಾಸವನ್ನು ಕರೆದು ಉತ್ತರ ಬರುತ್ತದೆಯೇ ಎಂದು ನೋಡುವ, 1983ರಲ್ಲಿ ಮೈಕ್ ಮೂಸ್ ಬರೆದ ‘ಪಿಂಗ್’ ಎಂಬ ಆಜ್ಞೆ ಸಾಕು. ಹತ್ತಿರದಿಂದ ದೂರಕ್ಕೆ ಹೋಗುವುದು ಕ್ರಮ.

ಮೊದಲು, ಕಂಪ್ಯೂಟರ್ ತನ್ನನ್ನೇ ಕರೆದುಕೊಳ್ಳುವ ವಿಳಾಸವಾದ 127.0.0.1ಕ್ಕೆ ಪಿಂಗ್ ಮಾಡಬೇಕು. ಉತ್ತರ ಬರದಿದ್ದರೆ ತೊಂದರೆ ಕಂಪ್ಯೂಟರಿನ ತಂತ್ರಾಂಶದಲ್ಲೇ ಇದೆ. ಎರಡನೆಯದು ಗೇಟ್‌ವೇ, ಉತ್ತರವಿಲ್ಲವೆಂದರೆ ತಂತಿ, ವಿಳಾಸ ಅಥವಾ ಮಾಸ್ಕ್ ತಪ್ಪು. ಮೂರನೆಯದು 8.8.8.8ರಂಥ ಹೊರಗಿನ ಸಂಖ್ಯೆ. ಗೇಟ್‌ವೇ ಉತ್ತರಿಸಿ ಇದು ಉತ್ತರಿಸದಿದ್ದರೆ ಗೇಟ್‌ವೇ ಖಾನೆಯಲ್ಲಿ ಬರೆದ ಸಂಖ್ಯೆಯನ್ನು ನೋಡಿ, ಅದು ಸರಿಯಿದ್ದರೆ ಸೇವಾದಾರರಿಗೆ ಕರೆ ಮಾಡಬೇಕು. ಒಳಜಾಲಗಳಲ್ಲಿ ಹೊರಗಿನ ಪಿಂಗನ್ನು ತಡೆದಿರುವುದೂ ಉಂಟು; ಅಲ್ಲಿ ಅದೇ ಜಾಲದ ಒಳಗಿನ ಸಂಖ್ಯೆಯೊಂದನ್ನು ಬಳಸಬೇಕು. ನಾಲ್ಕನೆಯದು ಯಾವುದಾದರೂ ಜಾಲತಾಣದ ಹೆಸರು. ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬರದಿದ್ದರೆ ದೋಷ ಡಿಎನ್ಎಸ್‌ನದು. ಈ ನಾಲ್ಕೂ ಸರಿ ಇದ್ದು ಇಲಾಖೆಯ ತಾಣ ಮಾತ್ರ ತೆರೆಯದಿದ್ದರೆ ಸರ್ವರ್ ಡೌನ್ ಎನ್ನಲು ಆಧಾರ ಸಿಕ್ಕಂತೆ. ನಾಲ್ಕಕ್ಕೂ ಸೇರಿ ಎರಡು ನಿಮಿಷ ಸಾಕು.

ಕೆಲವು ಲಕ್ಷಣಗಳು ತಾವೇ ಕಾರಣ ಹೇಳುತ್ತವೆ. ವಿಳಾಸ 169.254ರಿಂದ ಆರಂಭವಾಗಿದ್ದರೆ ಕಂಪ್ಯೂಟರ್ ರೂಟರನ್ನು ಕೇಳಿ ಉತ್ತರ ಸಿಗದೆ ತಾನೇ ಒಂದು ಸಂಖ್ಯೆ ಇಟ್ಟುಕೊಂಡಿದೆ ಎಂದರ್ಥ. ಎರಡು ಯಂತ್ರಗಳಿಗೆ ಒಂದೇ ಸಂಖ್ಯೆ ಕೊಟ್ಟಿದ್ದರೆ ಐಪಿ ಕಾನ್ಫ್ಲಿಕ್ಟ್ ಎಂಬ ಎಚ್ಚರಿಕೆ ಬರುತ್ತದೆ, ಇಲ್ಲವೇ ಒಂದು ಹಚ್ಚಿದಾಗ ಇನ್ನೊಂದರ ಸಂಪರ್ಕ ಕಡಿಯುತ್ತದೆ. ಇಂಟರ್‌ನೆಟ್ ಬಂದು ಪಕ್ಕದ ಕಂಪ್ಯೂಟರಿನ ಫೈಲ್ ಮಾತ್ರ ಕಾಣದಿದ್ದರೆ ಜಾಲವನ್ನು ಪಬ್ಲಿಕ್ ಎಂದು ಗುರುತಿಸಿರುವ ಸಾಧ್ಯತೆ ಹೆಚ್ಚು; ಕಚೇರಿಯ ಜಾಲವನ್ನು ಪ್ರೈವೇಟ್ ಮಾಡಬೇಕು.

ರಸ್ತೆ ಅಗೆದು ಫೈಬರ್ ಕಡಿದಾಗ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ನೆಟ್ ಪಡೆಯುವ ರೂಢಿ ಇದೆ. ಆಗ ಕಂಪ್ಯೂಟರಿಗೆ ಲ್ಯಾನ್‌ನದೊಂದು, ಮೊಬೈಲ್‌ನದೊಂದು ಎಂದು ಎರಡು ಗೇಟ್‌ವೇಗಳಾಗುತ್ತವೆ. ಯಾವುದರಿಂದ ಹೊರಗೆ ಹೋಗಬೇಕೆಂದು ತಿಳಿಯದೆ ಒಮ್ಮೆ ತೆರೆದ ಪುಟ ಇನ್ನೊಮ್ಮೆ ತೆರೆಯುವುದಿಲ್ಲ. ಅಷ್ಟು ಹೊತ್ತು ಲ್ಯಾನ್ ಅಡಾಪ್ಟರನ್ನು ಡಿಸೇಬಲ್ ಮಾಡುವುದು ಸರಳ ಪರಿಹಾರ. ಸರ್ಕಾರಿ ಒಳಜಾಲದಲ್ಲಿರುವ ಕಂಪ್ಯೂಟರಿಗೆ ಮಾತ್ರ ಮೊಬೈಲ್ ನೆಟ್ ಜೋಡಿಸಲೇಬಾರದು. ಹೊರಗಿನ ಅಪಾಯ ಇಡೀ ಒಳಜಾಲಕ್ಕೆ ಆ ಮೂಲಕ ನುಗ್ಗಬಹುದು.

ಸುರಕ್ಷತೆ

ಡಿಎನ್ಎಸ್ ಸಂಖ್ಯೆಯನ್ನು ಗುಟ್ಟಾಗಿ ಬದಲಿಸಿ ಬಳಕೆದಾರರನ್ನು ನಕಲಿ ತಾಣಗಳಿಗೆ ಒಯ್ಯುವ ಕುತಂತ್ರಾಂಶಗಳಿವೆ. ಡಿಎನ್ಎಸ್ ಚೇಂಜರ್ ಎಂಬುದು ಜಗತ್ತಿನಾದ್ಯಂತ ಲಕ್ಷಾಂತರ ಕಂಪ್ಯೂಟರುಗಳಿಗೆ ತಗುಲಿತ್ತು. ಅದರ ಸೋಂಕು ಹೊತ್ತವರಿಗಾಗಿ ನಡೆಸುತ್ತಿದ್ದ ಬದಲಿ ಸರ್ವರುಗಳನ್ನು 2012ರ ಜುಲೈ 9ರಂದು ನಿಲ್ಲಿಸಿದಾಗ ಸಂಖ್ಯೆ ತಿದ್ದಿಕೊಳ್ಳದವರ ಸಂಪರ್ಕ ನಿಂತಿತು. 2017ರ ಜುಲೈನಲ್ಲಿ ಬಿಎಸ್ಎನ್ಎಲ್‌ನ ಒಂದಷ್ಟು ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳಿಗೆ ಕುತಂತ್ರಾಂಶದ ದಾಳಿಯಾದಾಗ, ಮೊದಲಿಂದ ಬಂದ ಪಾಸ್‌ವರ್ಡನ್ನು ಬದಲಿಸಿಕೊಳ್ಳುವಂತೆ ಸಂಸ್ಥೆ ಗ್ರಾಹಕರಿಗೆ ಸೂಚಿಸಿತು. ರೂಟರಿನ ಪಾಸ್‌ವರ್ಡ್ ಬದಲಿಸುವುದು, ತನ್ನ ಡಿಎನ್ಎಸ್ ಸಂಖ್ಯೆ ಯಾವುದೆಂದು ಕಣ್ಣಿಗೆ ಪರಿಚಯ ಇಟ್ಟುಕೊಳ್ಳುವುದು, ಗುರುತಿಲ್ಲದವರು ಫೋನಿನಲ್ಲಿ ಹೇಳಿದ ಸಂಖ್ಯೆಯನ್ನು ತುಂಬದಿರುವುದು ಪ್ರತಿ ಕಚೇರಿಗೂ ಅಗತ್ಯ.

ಹೊಸ ವಿಳಾಸಗಳ ಕಾಲ

32 ಬಿಟ್‌ಗಳಲ್ಲಿ ಸುಮಾರು 429 ಕೋಟಿ ವಿಳಾಸಗಳು ಮಾತ್ರ ಸಾಧ್ಯ. ಜಾಗತಿಕ ದಾಸ್ತಾನು 2011ರ ಫೆಬ್ರವರಿ 3ರಂದು ಬರಿದಾಯಿತು. ಹೀಗಾಗಿ ಅನೇಕ ಕಂಪನಿಗಳು ಒಂದು ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ರೂಟರಿನ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ಅದು ಇಂಥ ಹಂಚಿಕೆ. ಹೊಲದ ಪಂಪ್‌ಸೆಟ್ ಮನೆಯ ಅಥವಾ ಅಂಗಡಿಯ ಕ್ಯಾಮೆರಾವನ್ನು ದೂರದಿಂದ ನೇರ ಐಪಿ ಮೂಲಕ ನೋಡಲು ಇದರಲ್ಲಿ ಆಗುವುದಿಲ್ಲ. ಕಂಪ್ಯೂಟರಿನ ಸೆಟ್ಟಿಂಗ್ ಎಷ್ಟು ಬದಲಿಸಿದರೂ ಫಲವಿಲ್ಲ. ಕಂಪನಿಯಿಂದ ಸಾರ್ವಜನಿಕ ಸ್ಥಿರ ಐಪಿ ಕೊಳ್ಳಬೇಕು, ಇಲ್ಲವೇ ಕ್ಯಾಮೆರಾ ತಯಾರಕರ ಕ್ಲೌಡ್ ಸೇವೆ ಬಳಸಬೇಕು.

ಶಾಶ್ವತ ಪರಿಹಾರ 128 ಬಿಟ್‌ಗಳ ಐಪಿವಿ6. ಭಾರತದ ದೂರಸಂಪರ್ಕ ಇಲಾಖೆ ಇದರ ಅಳವಡಿಕೆಯ ಮಾರ್ಗಸೂಚಿಯನ್ನು 2010ರ ಜುಲೈನಲ್ಲಿ ಪ್ರಕಟಿಸಿತು. ಇಲ್ಲಿ ವಿಳಾಸ ಉದ್ದವಾದ್ದರಿಂದ ಕೈಯಿಂದ ತುಂಬುವುದು ಕಡಿಮೆ. ಆದರೂ ಐಪಿವಿ4 ಸಂಖ್ಯೆಗಳನ್ನು ಮಾತ್ರ ತಿದ್ದಿ ಐಪಿವಿ6ರ ಡಿಎನ್ಎಸ್ ಹಾಗೇ ಬಿಟ್ಟರೆ ಕಂಪ್ಯೂಟರ್ ಹಳೆಯ ದಾರಿಯಲ್ಲೇ ಹೋಗಬಹುದು. ಎರಡೂ ಹಾಳೆಗಳನ್ನು ನೋಡುವುದು ಒಳ್ಳೆಯದು.

ಕಲಿಕೆ ಮತ್ತು ದಾಖಲೆ

1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಚಿಕ್ಕೋಡಿಯ ಕೆಎಲ್ಇ ಇಂಜಿನಿಯರಿಂಗ್ ಕಾಲೇಜು, ನಿಪ್ಪಾಣಿಯ ವಿಎಸ್ಎಂ ಸೋಮಶೇಖರ ಆರ್. ಕೊಠಿವಾಲೆ ತಾಂತ್ರಿಕ ಸಂಸ್ಥೆ ಇವೆ. ಅಲ್ಲಿ ಕಂಪ್ಯೂಟರ್ ಜಾಲವನ್ನು ಪಠ್ಯವಾಗಿ ಇಂಗ್ಲಿಷಿನಲ್ಲಿ ಕಲಿಸುತ್ತಾರೆ. ಕೌಂಟರಿನಲ್ಲಿ ಕುಳಿತ ಆಪರೇಟರ್, ಸೊಸಾಯಿಟಿಯ ಗುಮಾಸ್ತ, ಪಂಚಾಯಿತಿಯ ಡೇಟಾ ಎಂಟ್ರಿಯವರು, ಶಾಲೆಯ ಶಿಕ್ಷಕರು ಈ ವಿದ್ಯೆಯನ್ನು ಒಬ್ಬರಿಂದೊಬ್ಬರು ನೋಡಿ ಕಲಿಯುತ್ತಾರೆ. ಕನ್ನಡ, ಮರಾಠಿ ಎರಡೂ ಮಾತಾಡುವ ಈ ಸೀಮೆಯಲ್ಲಿ ಪರದೆಯ ಮೇಲಿನ ಇಂಗ್ಲಿಷ್ ಪದಗಳಿಗೆ ಹೆದರಿ ಮುಟ್ಟದವರೂ ಇದ್ದಾರೆ. ತುಂಬಬೇಕಾದದ್ದು ನಾಲ್ಕು ಸಂಖ್ಯೆ, ಪರೀಕ್ಷಿಸಬೇಕಾದದ್ದು ನಾಲ್ಕು ಪಿಂಗ್. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ, ಕನ್ನಡದಲ್ಲೇ, ಎಸ್ಎಸ್ಎಲ್‌ಸಿ ಮುಗಿಸಿದ ಯಾರಿಗೂ ಕಲಿಸಬಹುದು.

ಸಂಖ್ಯೆಗಳು ಒಬ್ಬರ ತಲೆಯಲ್ಲಿ ಮಾತ್ರ ಇರುವುದು ಇಂಥ ಕಚೇರಿಗಳ ದೊಡ್ಡ ದೌರ್ಬಲ್ಯ. ಅವರಿಗೆ ವರ್ಗವಾದರೆ, ಅವರು ರಜೆಯಲ್ಲಿದ್ದರೆ, ಉಳಿದವರು ಕೈಕಟ್ಟಿ ಕೂರಬೇಕು. ಯಂತ್ರದ ಹೆಸರು, ಅದು ಇರುವ ಮೇಜು, ಐಪಿ, ಮಾಸ್ಕ್, ಗೇಟ್‌ವೇ, ಎರಡು ಡಿಎನ್ಎಸ್, ಮ್ಯಾಕ್ ವಿಳಾಸ, ಬದಲಿಸಿದ ದಿನಾಂಕ, ಸೇವಾದಾರರ ದೂರವಾಣಿ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಒಂದು ಪ್ರತಿಯನ್ನು ಕಚೇರಿಯ ಕಡತದಲ್ಲಿ, ಇನ್ನೊಂದನ್ನು ಬೇರೆ ಕಟ್ಟಡದಲ್ಲಿ ಇಡಬೇಕು. ಪಾಸ್‌ವರ್ಡನ್ನು ಇದೇ ಹಾಳೆಯಲ್ಲಿ ಬರೆಯದೆ ಮುಚ್ಚಿದ ಲಕೋಟೆಯಲ್ಲಿ ಮುಖ್ಯಸ್ಥರ ಬಳಿ ಇಡಬೇಕು. ಈ ಐದು ತಾಲ್ಲೂಕುಗಳ ಪ್ರತಿ ಕಚೇರಿ, ಸೊಸಾಯಿಟಿ, ಶಾಲೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಈ ಹಾಳೆಯನ್ನು ಈ ವಾರವೇ ಕನ್ನಡದಲ್ಲಿ ತುಂಬಿಡಲಿ. ಅದಕ್ಕೆ ಒಂದು ಪೆನ್ನು ಮತ್ತು ಅರ್ಧ ಗಂಟೆಯ ಹೊರತು ಬೇರೇನೂ ಬೇಡ.